ಎದುರಿಗೆ ಯಾರೂ ಇಲ್ಲದ ಆಟ



ಶ್ರೀಮಠದ ಪತ್ರಿಕೆಯ ಈ ಪುಟಗಳಲ್ಲಿ ಇಸ್ಪೀಟಿನ ಎಲೆಗಳ ಮಾತು ಬರುವುದನ್ನು ಕಂಡು ತಮ್ಮಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು; ಅಸಮಾಧಾನವೂ ಆದೀತು. ಅದು ಸಹಜವೇ. ಇಸ್ಪೀಟೆಂದರೆ ನಮ್ಮ ಊರುಗಳಲ್ಲಿ ಹಣವಿಟ್ಟಾಡುವ ಜೂಜೆಂದೇ ರೂಢಿ. ಆ ಜೂಜಿನಲ್ಲಿ ಹೊಲಮನೆ ಕಳೆದುಕೊಂಡ ಸಂಸಾರಗಳನ್ನು ನಾವೆಲ್ಲ ಕಂಡವರೇ. ಅಂತರ್ಜಾಲದಲ್ಲಿ ಹಣವಿಟ್ಟಾಡುವ ಆಟಗಳು ತರುಣರನ್ನು ಸಾಲದ ಮಡುವಿಗೆ ತಳ್ಳಿದ ಮೇಲೆ, 2025ರಲ್ಲಿ ನಮ್ಮ ಸಂಸತ್ತು ಅವನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಬೇಕಾಯಿತು. ನಾನು ಹೇಳಹೊರಟಿರುವ ಆಟದಲ್ಲಿ ಒಂದು ಕವಡೆಯ ಪಣವೂ ಇಲ್ಲ. ಎದುರಿಗೆ ಕುಳಿತ ಮನುಷ್ಯನೂ ಇಲ್ಲ. ಆದರೂ ಆ ಆಟದಲ್ಲಿ ನಾನು ಮೋಸ ಮಾಡಿದೆ. ಮೋಸ ಹೋದವರು ಯಾರೆಂಬುದನ್ನು ಅರಿಯಲು ನನಗೆ ಹಲವು ತಿಂಗಳು ಬೇಕಾದವು. ಆ ಸಂಗತಿಯನ್ನು ತಮ್ಮೆದುರು ನಿವೇದಿಸಿಕೊಳ್ಳುವುದೇ ಈ ಬರಹದ ಉದ್ದೇಶ.

ಆಟದ ಹೆಸರು ಕ್ರಿಬೇಜ್. ಇದು ನಮ್ಮ ನಾಡಿನದಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಸರ್ ಜಾನ್ ಸಕ್ಲಿಂಗ್ ಎಂಬ ಕವಿ ಅದಕ್ಕಿಂತ ಹಳೆಯದೊಂದು ಆಟವನ್ನು ತಿದ್ದಿ ಇದನ್ನು ರೂಪಿಸಿದನೆಂದು ಹೇಳುತ್ತಾರೆ. ಅಲ್ಲಿಂದ ನಾವಿಕರ ಕೈಯಲ್ಲಿ ಹಡಗೇರಿ ಅಮೆರಿಕ, ಕೆನಡಾಗಳನ್ನು ಸೇರಿತು. ನನಗೆ ಇದು ದೊರೆತದ್ದು ಕೆನಡಾದ ಹ್ಯಾಲಿಫ್ಯಾಕ್ಸ್ ಎಂಬ ಬಂದರು ನಗರದಲ್ಲಿ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತನಾಗಿ ಧಾರವಾಡದಲ್ಲಿದ್ದ ನಾನು 2018ರ ಚಳಿಗಾಲವನ್ನು ಅಲ್ಲಿ ಮಗಳ ಮನೆಯಲ್ಲಿ ಕಳೆದೆ. ಮಗಳು ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮರಳುವುದು ಕತ್ತಲಾದ ಮೇಲೆ. ಹೊರಗೆ ಮೊಣಕಾಲೆತ್ತರದ ಹಿಮ. ಮಾತಿಗೆ ಜನವಿಲ್ಲದ ನನ್ನನ್ನು ನೆರೆಮನೆಯ ವೃದ್ಧರೊಬ್ಬರು ಒಂದು ದಿನ ಚಹಕ್ಕೆ ಕರೆದರು. ಅವರು ಆ ದೇಶದ ನೌಕಾದಳದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಪತ್ನಿಯನ್ನು ಕಳೆದುಕೊಂಡು ಒಬ್ಬರೇ ಇದ್ದವರು. ಚಹದ ಬಟ್ಟಲುಗಳ ನಡುವೆ ಅವರು ಮೇಜಿನ ಮೇಲಿಟ್ಟದ್ದು ಸಾಲುಸಾಲಾಗಿ ರಂಧ್ರ ಕೊರೆದ ಒಂದು ಮರದ ಹಲಗೆ, ನಾಲ್ಕು ಸಣ್ಣ ಗೂಟಗಳು, ಒಂದು ಕಟ್ಟು ಎಲೆ.

ಆಟದ ಕ್ರಮವನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ; ಇಲ್ಲವಾದರೆ ಮುಂದಿನ ಮಾತು ತಮಗೆ ತಿಳಿಯದು. ಇಬ್ಬರಿಗೂ ಆರಾರು ಎಲೆ ಹಂಚುತ್ತಾರೆ. ಪ್ರತಿಯೊಬ್ಬರೂ ನಾಲ್ಕನ್ನು ಉಳಿಸಿಕೊಂಡು ಎರಡನ್ನು ಮುಚ್ಚಿ ಬದಿಗಿಡಬೇಕು. ಹೀಗೆ ಬಿಟ್ಟುಕೊಟ್ಟ ನಾಲ್ಕು ಎಲೆಗಳ ಗುಂಪಿಗೆ ‘ಕ್ರಿಬ್’ ಎಂದು ಹೆಸರು. ಅದು ಆ ಸಲ ಎಲೆ ಹಂಚಿದವನ ಸೊತ್ತು. ಆಮೇಲೆ ಉಳಿದ ಕಟ್ಟನ್ನು ಕತ್ತರಿಸಿ ಒಂದು ಎಲೆಯನ್ನು ಮೇಲ್ಮುಖವಾಗಿಡುತ್ತಾರೆ. ಅದು ಇಬ್ಬರ ಲೆಕ್ಕಕ್ಕೂ ಸೇರುವ ಎಲೆ. ಬಳಿಕ ಒಬ್ಬರಾದ ಮೇಲೊಬ್ಬರು ಎಲೆಯಿಳಿಸುತ್ತ, ಮೊತ್ತ 31ನ್ನು ಮೀರದಂತೆ ಆಡಿ, ಕೊನೆಗೆ ತಮ್ಮ ತಮ್ಮ ಕೈಯನ್ನು ಎಣಿಸಬೇಕು. ಕೂಡಿದರೆ 15 ಆಗುವ ಪ್ರತಿಯೊಂದು ಜೋಡಣೆಗೆ 2 ಅಂಕ, ಒಂದೇ ಬೆಲೆಯ ಜೋಡಿಗೆ 2, ಕ್ರಮವಾಗಿ ಬರುವ ಎಲೆಗಳಿಗೆ ಎಲೆಗೊಂದರಂತೆ ಅಂಕ. ಗಳಿಸಿದಷ್ಟು ರಂಧ್ರ ಗೂಟವನ್ನು ಮುಂದೆ ನಡೆಸಬೇಕು. ಮೊದಲು 121ನ್ನು ಮುಟ್ಟಿದವನು ಗೆದ್ದ.

ಇದರಲ್ಲಿ ಎರಡು ವಿಶೇಷಗಳಿವೆ. ಅವುಗಳ ಕಡೆಗೆ ತಮ್ಮ ಲಕ್ಷ್ಯವನ್ನು ಸೆಳೆಯುತ್ತೇನೆ. ಮೊದಲನೆಯದು ತ್ಯಾಗ. ಮುಂದೆ ಯಾವ ಎಲೆ ಬೀಳುವುದೆಂದು ತಿಳಿಯದಿರುವಾಗಲೇ ಕೈಯಲ್ಲಿರುವ ಎರಡನ್ನು ಬಿಟ್ಟುಕೊಡಬೇಕು. ಎದುರಾಳಿ ಹಂಚಿದ ಸರದಿಯಾದರೆ ಅವು ಅವನಿಗೇ ಸೇರುತ್ತವೆ. ಬಿಟ್ಟ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ. ಎರಡನೆಯದು ಸ್ವಂತ ಲೆಕ್ಕ. ನಿನ್ನ ಕೈಯ ಅಂಕವನ್ನು ನೀನೇ ಎಣಿಸಿ ಬಾಯಿಬಿಟ್ಟು ಹೇಳಬೇಕು. ಕೈಯಲ್ಲಿ ಏಳು, ಎರಡು ಎಂಟು, ಒಂಬತ್ತು ಇದ್ದು ಕತ್ತರಿಸಿದ ಎಲೆ ಎಕ್ಕವೆಂದು ಭಾವಿಸಿ. ಏಳು ಎಂಟು ಕೂಡಿ ಹದಿನೈದು, ಎರಡು ಸಲ, ನಾಲ್ಕಂಕ. ಎಂಟರ ಜೋಡಿಗೆ ಎರಡು. ಏಳು ಎಂಟು ಒಂಬತ್ತರ ಸಾಲು, ಎಂಟು ಎರಡಿರುವುದರಿಂದ ಎರಡು ಸಲ, ಆರು. ಒಟ್ಟು ಹನ್ನೆರಡು. ಹೊಸಬನು ಎರಡನೆಯ ಸಾಲನ್ನು ಮರೆತು ಒಂಬತ್ತೆಂದುಬಿಡುತ್ತಾನೆ. ಕಟ್ಟುನಿಟ್ಟಿನ ಆಟದಲ್ಲಿ ಹಾಗೆ ಮರೆತ ಅಂಕಗಳನ್ನು ಎದುರಾಳಿ ತಾನು ಕಿತ್ತುಕೊಳ್ಳಬಹುದು.

ಆ ವೃದ್ಧರು ಎಂದೂ ಕಿತ್ತುಕೊಳ್ಳಲಿಲ್ಲ. ನಾನು ಕಡಿಮೆ ಎಣಿಸಿದಾಗ ತೋರುಬೆರಳಿನಿಂದ ಹಲಗೆಯನ್ನು ಎರಡು ಸಲ ಮೆಲ್ಲನೆ ಕುಟ್ಟುತ್ತಿದ್ದರು. ಇನ್ನೊಮ್ಮೆ ಎಣಿಸಿರಿ ಎಂದು ಅದರ ಅರ್ಥ. ಹೆಚ್ಚು ಎಣಿಸಿದಾಗಲೂ ಅಷ್ಟೇ. ಅದೇ ಬೆರಳು, ಅದೇ ಎರಡು ಪೆಟ್ಟು. ಗಣಿತದ ಮಾಸ್ತರನು ಹದಿನೈದರ ಮಗ್ಗಿಯಲ್ಲಿ ತಪ್ಪಿದನೆಂದು ಒಮ್ಮೆಯೂ ನಗಲಿಲ್ಲ. ಒಂದು ಸಂಜೆ ನನಗೆ 24 ಅಂಕದ ಕೈ ಬಂದಾಗ ಅವರು ತಮ್ಮ ವೃತ್ತಿಯ ಜನರಲ್ಲಿ ಪ್ರಸಿದ್ಧವಾದ ಕಥೆಯನ್ನು ಹೇಳಿದರು. ಈ ಆಟದಲ್ಲಿ ಒಂದು ಕೈಗೆ ಬರಬಹುದಾದ ಅತ್ಯಧಿಕ ಅಂಕ 29. ಕೈಯಲ್ಲಿ ಮೂರು ಐದುಗಳೂ ಒಂದು ಗುಲಾಮನೂ ಇದ್ದು, ಕತ್ತರಿಸಿದ ಎಲೆ ಆ ಗುಲಾಮನದೇ ಬಣ್ಣದ ನಾಲ್ಕನೆಯ ಐದಾಗಿರಬೇಕು. ಅಂಥ ಕೈ ಬರುವ ಸಂಭವ 2,16,580ರಲ್ಲಿ ಒಂದು ಸಲ. 1943ರಲ್ಲಿ, ಎರಡನೆಯ ಮಹಾಯುದ್ಧದ ಮಧ್ಯದಲ್ಲಿ, ವಾಹೂ ಎಂಬ ಅಮೆರಿಕದ ಜಲಾಂತರ್ಗಾಮಿಯಲ್ಲಿ ನಾಯಕ ಮಾರ್ಟನ್ ಹಂಚಿದ ಎಲೆಗಳಲ್ಲಿ ಅವನ ಸಹಾಯಕ ರಿಚರ್ಡ್ ಓಕೇನನಿಗೆ ಅದೇ ಕೈ ಬಂದಿತ್ತು. ಅದೇ ವರ್ಷದ ಅಕ್ಟೋಬರದಲ್ಲಿ ವಾಹೂ ತನ್ನ ಎಲ್ಲ ಸಿಬ್ಬಂದಿಯೊಡನೆ ಮುಳುಗಿತು. ಅದಕ್ಕೆ ಮೊದಲೇ ಬೇರೆಡೆಗೆ ವರ್ಗವಾಗಿದ್ದ ಓಕೇನ್ ಬದುಕಿಕೊಂಡ. ಇಂದಿಗೂ ಅಮೆರಿಕದ ಪೆಸಿಫಿಕ್ ನೌಕಾದಳದ ಅತ್ಯಂತ ಹಳೆಯ ದಾಳಿ ಜಲಾಂತರ್ಗಾಮಿಯಲ್ಲಿ ಓಕೇನನ ಹೆಸರಿನ ಕ್ರಿಬೇಜ್ ಹಲಗೆಯೊಂದನ್ನು ಇಡುವ ಸಂಪ್ರದಾಯವಿದೆ. ಒಂದು ನೌಕೆ ನಿವೃತ್ತಿಯಾದರೆ ಹಲಗೆ ಮತ್ತೊಂದಕ್ಕೆ ಹೋಗುತ್ತದೆ. “ಆಡಿದವರು ಹೋಗುತ್ತಾರೆ, ಹಲಗೆ ಉಳಿಯುತ್ತದೆ” ಎಂದು ಆ ವೃದ್ಧರು ಕಥೆಯನ್ನು ಮುಗಿಸಿದರು.

2021ರಲ್ಲಿ ಅವರು ತೀರಿಕೊಂಡರು. ಮರುವರ್ಷ ಮಗಳು ರಜೆಗೆಂದು ಧಾರವಾಡಕ್ಕೆ ಬಂದಾಗ ಅವರ ಹಲಗೆಯನ್ನು ನನ್ನ ಕೈಯಲ್ಲಿಟ್ಟಳು. ಅದನ್ನು ನನಗೇ ಕೊಡಬೇಕೆಂದು ಅವರು ಮಕ್ಕಳಿಗೆ ಹೇಳಿದ್ದರಂತೆ. ಹಲಗೆಯೇನೋ ಬಂತು, ಆಡುವುದು ಯಾರೊಡನೆ? ನಮ್ಮ ಓಣಿಯಲ್ಲಿ ಈ ಆಟದ ಹೆಸರನ್ನು ಕೇಳಿದವರೇ ಇರಲಿಲ್ಲ. ಆಗ ಮಗನ ಮಗ, ಕಾಲೇಜು ವಿದ್ಯಾರ್ಥಿ, ಗಣಕಯಂತ್ರವನ್ನು ತೆರೆದು, “ಅಜ್ಜಾ, ಇದರ ಜೋಡಿ ಆಡ್ರಿ” ಎಂದ. ಅಂತರ್ಜಾಲದಲ್ಲಿ ಯಂತ್ರದೊಡನೆಯೇ ಕ್ರಿಬೇಜ್ ಆಡುವ ಏರ್ಪಾಡಿತ್ತು. ಹಣವಿಲ್ಲ, ಕಾಸಿಲ್ಲ, ಹೆಸರು ಹೇಳಬೇಕಾದದ್ದೂ ಇಲ್ಲ. ಹಲಗೆ ಗೂಡು ಸೇರಿತು. ನಾನು ಪರದೆಯ ಮುಂದೆ ಕುಳಿತೆ.

ಯಂತ್ರದ ಆಟವು ಮೊದಮೊದಲು ನನ್ನನ್ನು ಬೆರಗುಗೊಳಿಸಿತು. ಆರು ಎಲೆಗಳಲ್ಲಿ ಎರಡನ್ನು ಬಿಡುವ ಬಗೆಗಳು ಒಟ್ಟು 15. ಕಾಣದ ಎಲೆಗಳು 46. ಅವುಗಳಲ್ಲಿ ಯಾವುದಾದರೂ ಕತ್ತರಿಕೆಯಲ್ಲಿ ಬೀಳಬಹುದು. ಮನುಷ್ಯನು ಇವನ್ನೆಲ್ಲ ಒಂದೊಂದಾಗಿ ತೂಗಲಾರ; ಅನುಭವದಿಂದ ಅಂದಾಜು ಮಾಡುತ್ತಾನೆ. ಯಂತ್ರವಾದರೋ 15 ಬಗೆಗಳಲ್ಲಿ ಪ್ರತಿಯೊಂದನ್ನೂ 46 ಎಲೆಗಳೊಡನೆ ಕೂಡಿಸಿ, ಸರಾಸರಿ ತೆಗೆದು, ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಧರಿಸಬಲ್ಲದು. ಅದಕ್ಕೆ ದಣಿವಿಲ್ಲ, ಬೇಸರವಿಲ್ಲ, ಗೆದ್ದೆನೆಂಬ ಹಿಗ್ಗೂ ಇಲ್ಲ. ನನ್ನ ಅಂಕಗಳನ್ನೂ ಅದೇ ಎಣಿಸಿಬಿಡುತ್ತಿತ್ತು. ನಾನು ಎಲೆ ತೋರಿಸಿದರೆ ಸಾಕಿತ್ತು.

ಇನ್ನು ನನ್ನ ತಪ್ಪೊಪ್ಪಿಗೆ. ಪರದೆಯ ಒಂದು ಮೂಲೆಯಲ್ಲಿ ‘ಹೊಸ ಆಟ’ ಎಂಬ ಗುಂಡಿಯಿತ್ತು; ಮತ್ತೊಂದು ಮೂಲೆಯಲ್ಲಿ ‘ಹಿಂದಕ್ಕೆ’ ಎಂಬ ಗುಂಡಿ. ಒಂದು ದಿನ ಯಂತ್ರವು ನನಗಿಂತ ನಲವತ್ತು ರಂಧ್ರ ಮುಂದಿತ್ತು. ಸೋತವನು 91ನ್ನು ಮುಟ್ಟದಿದ್ದರೆ ಅದು ಎರಡು ಸೋಲಿಗೆ ಸಮವೆಂದು ಈ ಆಟದ ರೂಢಿ. ಆ ಅವಮಾನವೇಕೆಂದು ‘ಹೊಸ ಆಟ’ವನ್ನು ಒತ್ತಿದೆ. ಹಳೆಯ ಆಟ ಮಾಯವಾಯಿತು. ನಡುವೆ ಬಿಟ್ಟ ಆಟಗಳು ಆ ಯಂತ್ರದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮತ್ತೊಂದು ದಿನ ಎರಡು ಎಲೆ ಬಿಟ್ಟ ಮೇಲೆ, ಬಿಟ್ಟದ್ದಕ್ಕೆ ಸರಿಹೊಂದುವ ಎಲೆಯೇ ಕತ್ತರಿಕೆಯಲ್ಲಿ ಬಿತ್ತು. ‘ಹಿಂದಕ್ಕೆ’ ಗುಂಡಿಯನ್ನು ಒತ್ತಿ, ಬಿಟ್ಟದ್ದನ್ನು ಮರಳಿ ಪಡೆದು, ಬೇರೆ ಎರಡನ್ನು ಬಿಟ್ಟೆ. ಯಂತ್ರವು ಏನೂ ಅನ್ನಲಿಲ್ಲ. ಬೆರಳಿನಿಂದ ಕುಟ್ಟುವವರೂ ಯಾರೂ ಇರಲಿಲ್ಲ. ಮೊದಲ ಸಲ ಸ್ವಲ್ಪ ಸಂಕೋಚವಾಯಿತು. ಹತ್ತನೆಯ ಸಲಕ್ಕೆ ಅದು ಆಟದ ನಿಯಮವೇ ಆಗಿಬಿಟ್ಟಿತು.

ವಿಚಿತ್ರವೆಂದರೆ, ಇದೇ ದಿನಗಳಲ್ಲಿ ನಾನು ಯಂತ್ರವೇ ಮೋಸ ಮಾಡುತ್ತದೆಂದು ದೂರತೊಡಗಿದ್ದೆ. ಅದು ಹಂಚಿದಾಗಲೆಲ್ಲ ಗುಲಾಮನೇ ಕತ್ತರಿಕೆಯಲ್ಲಿ ಬೀಳುತ್ತಾನೆ ಎಂಬುದು ನನ್ನ ಆರೋಪ. ಹಾಗೆ ಬಿದ್ದರೆ ಹಂಚಿದವನಿಗೆ ಎರಡಂಕ ಲಾಭ. ಮೊಮ್ಮಗ ನಗುತ್ತ ಎಲೆ ಕಲೆಸುವ ವಿಧಾನವನ್ನು ವಿವರಿಸಿದ. 1938ರಲ್ಲಿ ರೊನಾಲ್ಡ್ ಫಿಶರ್, ಫ್ರ್ಯಾಂಕ್ ಯೇಟ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಕಾಗದದ ಮೇಲೆ ತೋರಿಸಿದ ಕ್ರಮವನ್ನು 1964ರಲ್ಲಿ ರಿಚರ್ಡ್ ಡರ್ಸ್ಟೆನ್‌ಫೆಲ್ಡ್ ಎಂಬವರು ಗಣಕಯಂತ್ರಕ್ಕೆ ಅಳವಡಿಸಿದರು. ಕೊನೆಯ ಎಲೆಯಿಂದ ಮೊದಲಾಗಿ ಒಂದೊಂದನ್ನೂ ಯಾದೃಚ್ಛಿಕವಾಗಿ ಆರಿಸಿದ ಇನ್ನೊಂದರೊಡನೆ ಅದಲುಬದಲು ಮಾಡುತ್ತ ಬರುವುದೇ ಆ ಕ್ರಮ. 52 ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆಯನ್ನು ಬರೆದರೆ ಅದರಲ್ಲಿ 68 ಅಂಕಿಗಳಿರುತ್ತವೆ. ಸರಿಯಾಗಿ ಕಲೆಸಿದರೆ ಅವೆಲ್ಲಕ್ಕೂ ಸಮಾನ ಅವಕಾಶ. ನನಗೆ ನಂಬಿಕೆಯಾಗಲಿಲ್ಲ. ಒಂದು ತಿಂಗಳು ವಹಿಯಲ್ಲಿ ಬರೆದಿಟ್ಟೆ. ಗುಲಾಮನು ಸರಾಸರಿ ಹದಿಮೂರು ಕತ್ತರಿಕೆಗೊಮ್ಮೆ ಬೀಳಬೇಕು. ಅದರ ಸರದಿಯಲ್ಲೂ ನನ್ನ ಸರದಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಬಿದ್ದಿದ್ದ. ಅದರ ಗುಲಾಮರನ್ನು ನೆನಪಿನಲ್ಲಿಟ್ಟುಕೊಂಡು ನನ್ನ ಗುಲಾಮರನ್ನು ನಾನು ಮರೆತಿದ್ದೆ, ಅಷ್ಟೆ.

ವಹಿಯನ್ನು ನೋಡುತ್ತಿದ್ದ ಮೊಮ್ಮಗ ಪರದೆಯ ಮೇಲಿನ ನನ್ನ ಗೆಲುವಿನ ಲೆಕ್ಕವನ್ನೂ ನೋಡಿದ. ಗೆಲುವು ಬಹಳ, ಸೋಲು ತೀರ ಕಡಿಮೆ. ನಾನು ಸ್ವಲ್ಪ ಹೆಮ್ಮೆಯಿಂದಲೇ ಕುಳಿತಿದ್ದೆ. ಅವನು ಯಾವ ಕುಹಕವೂ ಇಲ್ಲದೆ ಕೇಳಿದ: “ಅಜ್ಜಾ, ನಡುವ ಬಿಟ್ಟ ಆಟ ಎಷ್ಟರೀ?” ಆ ಲೆಕ್ಕವನ್ನು ನಾನು ಬರೆದಿಟ್ಟಿರಲಿಲ್ಲ. ಯಂತ್ರದ ಗುಲಾಮರನ್ನು ಒಂದೊಂದಾಗಿ ಎಣಿಸಿದವನು ನನ್ನ ಪಲಾಯನಗಳನ್ನು ಎಣಿಸಿರಲಿಲ್ಲ. ಉತ್ತರ ಹೊಳೆಯದೆ, ನೀರು ಕುಡಿಯುವ ನೆವದಿಂದ ಎದ್ದುಹೋದೆ.

ಅಂದಿನ ರಾತ್ರಿ ನನಗೆ ನೆನಪಾದದ್ದು ಚಾರ್ಲ್ಸ್ ಡಿಕೆನ್ಸನ ಒಂದು ಕಾದಂಬರಿ. 1840-41ರಲ್ಲಿ ಪ್ರಕಟವಾದ ‘ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್’ನಲ್ಲಿ ಒಬ್ಬ ಪುಟ್ಟ ಕೆಲಸದ ಹುಡುಗಿ ಬರುತ್ತಾಳೆ. ನೆಲಮನೆಯ ಕತ್ತಲೆಯ ಅಡುಗೆಕೋಣೆಯಲ್ಲಿ ಅರೆಹೊಟ್ಟೆಯಲ್ಲಿ ಬದುಕುವ, ಸ್ವಂತದ್ದೆಂಬ ಹೆಸರೂ ಇಲ್ಲದ ಹುಡುಗಿ. ಡಿಕ್ ಸ್ವಿವೆಲರ್ ಎಂಬ ಗುಮಾಸ್ತ ಅವಳಿಗೆ ತಮಾಷೆಗೆಂದು ‘ಮಾರ್ಷನೆಸ್’ ಎಂಬ ದೊಡ್ಡ ಮನೆತನದ ಬಿರುದು ಕೊಟ್ಟು, ಹೊಟ್ಟೆಗೂ ಹಾಕಿ, ಕ್ರಿಬೇಜ್ ಕಲಿಸುತ್ತಾನೆ. ಮುಂದೆ ಅವನು ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಾಗ ಶುಶ್ರೂಷೆ ಮಾಡುವವಳು ಅವಳೇ. ಅವನು ಕಣ್ಣು ತೆರೆದು ನೋಡುವಾಗ ಆ ಹುಡುಗಿ ಮೇಜಿನ ಮುಂದೆ ಒಬ್ಬಳೇ ಕುಳಿತು, ತನ್ನೊಡನೆ ತಾನೇ ಕ್ರಿಬೇಜ್ ಆಡುತ್ತಿರುತ್ತಾಳೆ. ಕತ್ತರಿಕೆಯಲ್ಲಿ ಗುಲಾಮ ಬೀಳುತ್ತಾನೆ. ಹಂಚಿದವರಿಗೆ ಸಲ್ಲಬೇಕಾದ ಎರಡಂಕವನ್ನು ಅವಳು ಮರೆಯುತ್ತಾಳೆ. ಹಾಸಿಗೆಯಲ್ಲಿದ್ದ ರೋಗಿ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಆ ಎರಡಂಕವನ್ನು ಕೂಗಿ ಹೇಳುತ್ತಾನೆ. ಅವನು ಬದುಕಿದನೆಂದು ಅವಳಿಗೆ ತಿಳಿಯುವುದು ಹಾಗೆ.

ಓದುಗರೆ, ಆ ಹುಡುಗಿಯ ಮುಂದೆ ನನ್ನನ್ನು ನಿಲ್ಲಿಸಿ ನೋಡಿರಿ. ಅವಳಿಗೂ ಎದುರಾಳಿ ಇರಲಿಲ್ಲ, ನನಗೂ ಇರಲಿಲ್ಲ. ಅವಳು ಎರಡೂ ಕೈಗಳನ್ನು ತಾನೇ ಹಿಡಿದು, ಯಾರ ಪಕ್ಷವನ್ನೂ ವಹಿಸದೆ, ಆಟವನ್ನು ಆಟವಾಗಿ ನಡೆಸಿದಳು. ಅವಳು ಮರೆತದ್ದು ಲಾಭವನ್ನು. ನಾನು ಮರೆತದ್ದು ಸೋಲನ್ನು. ಏನೂ ಇಲ್ಲದ ಬಡ ಹುಡುಗಿಯಲ್ಲಿದ್ದ ಪ್ರಾಮಾಣಿಕತೆ, ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ, ಉತ್ತರ ತಿದ್ದಿಕೊಂಡವರಿಗೆ ಬುದ್ಧಿ ಹೇಳಿದ ನನ್ನಲ್ಲಿ ಇರಲಿಲ್ಲ.

ಯಂತ್ರಕ್ಕೆ ಏನೂ ನಷ್ಟವಾಗಲಿಲ್ಲವಲ್ಲ ಎಂದು ತಾವು ಕೇಳಬಹುದು. ನಾನೂ ಅದನ್ನೇ ಹೇಳಿಕೊಂಡು ಸಮಾಧಾನ ಪಡಲೆತ್ನಿಸಿದೆ. ಯಂತ್ರಕ್ಕೆ ನಷ್ಟವಿಲ್ಲ ನಿಜ. ಅದಕ್ಕೆ ಲಾಭವೂ ಇಲ್ಲ. ಹಾಗಾದರೆ ನಷ್ಟ ಯಾರಿಗೆ? ‘ಹಿಂದಕ್ಕೆ’ ಗುಂಡಿಯನ್ನು ಹಚ್ಚಿಕೊಂಡ ಮೇಲೆ ಯಾವ ಎರಡು ಎಲೆ ಬಿಡಬೇಕೆಂಬ ವಿವೇಚನೆಯೇ ನನ್ನಲ್ಲಿ ಮಂದವಾಗಿತ್ತು. ಯಂತ್ರವೇ ಎಣಿಸತೊಡಗಿದ ಮೇಲೆ ನನ್ನ ಎಣಿಕೆ ಹೋಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ನೋಡುವವರಿಲ್ಲದಾಗ ನಾನು ಎಂಥವನೆಂಬುದು ನನಗೆ ಗೊತ್ತಾಗಿಹೋಗಿತ್ತು.

ಆ ಅರಿವು ಆಟದ ಹಲಗೆಯ ಬಳಿಯೇ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಭಸ್ಮ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಮನೆಯಲ್ಲಿ ನೆಂಟರಿದ್ದ ದಿನ ನನ್ನ ಪೂಜೆ ಎಷ್ಟು ಹೊತ್ತು ನಡೆಯುತ್ತಿತ್ತು, ಯಾರೂ ಇಲ್ಲದ ದಿನ ಎಷ್ಟು ಬೇಗ ಮುಗಿಯುತ್ತಿತ್ತು ಎಂಬುದು ಆಗ ತಟ್ಟನೆ ನೆನಪಾಯಿತು. ಮನಸ್ಸು ಎಲ್ಲೆಲ್ಲೋ ಅಲೆದ ದಿನವೂ ‘ಪೂಜೆಯಾಯಿತು’ ಎಂದು ಎದ್ದು ಬಂದು ಉಪಾಹಾರಕ್ಕೆ ಕುಳಿತದ್ದುಂಟು. ಅದೂ ನಡುವೆ ಬಿಟ್ಟ ಆಟವೇ. ಅದನ್ನೂ ನಾನು ಗೆಲುವಿನ ಲೆಕ್ಕದಲ್ಲೇ ಬರೆದುಕೊಂಡಿದ್ದೆ. ಹನ್ನೆರಡನೆಯ ಶತಮಾನದ ನಮ್ಮ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದುಕೊಟ್ಟರು. ಅದರ ಹಿರಿಮೆಯನ್ನು ನಾವು ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಅದರ ಹೊಣೆ ಎಷ್ಟು ದೊಡ್ಡದೆಂಬುದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ಗುಡಿಯಲ್ಲಾದರೆ ಪೂಜಾರಿ ನೋಡುತ್ತಾನೆ, ನೆರೆದ ಜನ ನೋಡುತ್ತದೆ. ಅಂಗೈಯ ಲಿಂಗದ ಮುಂದೆ ಭಕ್ತನೊಬ್ಬನೇ. ಅಲ್ಲಿ ಎಣಿಸುವವನೂ ತಾನೇ, ಬೆರಳು ಕುಟ್ಟಿ ಎಚ್ಚರಿಸಬೇಕಾದವನೂ ತಾನೇ. ಅಂತರಂಗದ ಸಾಕ್ಷಿಯೇ ಮಲಗಿಬಿಟ್ಟರೆ ಹೊರಗಿನ ಆಚಾರ ಏನು ಮಾಡೀತು?

ಆ ದಿನದಿಂದ ಕೆಲವು ಕಟ್ಟುಪಾಡುಗಳನ್ನು ನನಗೆ ನಾನೇ ಹಾಕಿಕೊಂಡೆ. ಎಷ್ಟೇ ಸೋಲುತ್ತಿರಲಿ, ಆಟವನ್ನು ನಡುವೆ ಬಿಡುವುದಿಲ್ಲ. ಬಿಟ್ಟ ಎಲೆಯನ್ನು ಮರಳಿ ಪಡೆಯುವುದಿಲ್ಲ. ನನ್ನ ಅಂಕವನ್ನು ನಾನೇ ಎಣಿಸುತ್ತೇನೆ. ಮರೆತದ್ದನ್ನು ಎದುರಾಳಿ ಕಿತ್ತುಕೊಳ್ಳುವ ಕಟ್ಟುನಿಟ್ಟಿನ ಏರ್ಪಾಡೂ ಆ ಯಂತ್ರದಲ್ಲಿತ್ತು. ಮೊಮ್ಮಗನಿಂದ ಅದನ್ನೇ ಹಚ್ಚಿಸಿಕೊಂಡೆ. ಹಳೆಯ ಗೆಲುವಿನ ಲೆಕ್ಕವನ್ನು ಅಳಿಸಿ ಸೊನ್ನೆಯಿಂದ ಆರಂಭಿಸಿದೆ. ಮೊದಲ ವಾರಗಳಲ್ಲಿ ಸೋಲಿನ ಮೇಲೆ ಸೋಲು ಬಂತು. 91ನ್ನು ಮುಟ್ಟದ ಸೋಲುಗಳೂ ಬಂದವು. ಅವನ್ನೂ ಕೊನೆಯ ಎಲೆಯವರೆಗೆ ಆಡಿದೆ. ಈಗ ಗೆಲುವು ಸೋಲುಗಳು ಸರಿಸುಮಾರು ಸಮವಾಗಿವೆ. ಆ ಗೆಲುವುಗಳನ್ನು ನನ್ನವೆಂದು ಹೇಳಿಕೊಳ್ಳಬಲ್ಲೆ. ಪೂಜೆಯ ವಿಷಯದಲ್ಲಿ ಇನ್ನೂ ಸೋಲುಗಳೇ ಹೆಚ್ಚು. ಆದರೆ ಸೋತ ದಿನ ಸೋತೆನೆಂದು ಒಪ್ಪಿಕೊಂಡು, ಮತ್ತೆ ಕುಳಿತುಕೊಳ್ಳುತ್ತೇನೆ.

ಯಂತ್ರವನ್ನು ನಿಂದಿಸುವುದು ನನ್ನ ಇಂಗಿತವಲ್ಲವೆಂಬುದನ್ನು ತಾವು ಗ್ರಹಿಸಿರಬಹುದು. ಒಂಟಿಯಾದ ಮುದುಕನಿಗೆ ಅದು ಬೇಸರಿಸದೆ ಜೊತೆ ಕೊಟ್ಟಿದೆ. ಆದರೆ ಅದು ತಾನಾಗಿ ನಮ್ಮನ್ನು ತಿದ್ದಲಾರದು. ನಾವು ಒತ್ತಿದ ಗುಂಡಿಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಕೈಯಲ್ಲಿ ಸದಾ ಪರದೆ ಹಿಡಿದು, ನಾಲ್ಕು ಗೋಡೆಗಳ ನಡುವೆ, ಯಾರ ಕಣ್ಣಿಗೂ ಬೀಳದೆ ಎಷ್ಟೋ ಕೆಲಸಗಳನ್ನು ಮಾಡುವ ಕಾಲ ಇದು. ಇಂಥ ಕಾಲದಲ್ಲಿ ನಮ್ಮ ಮಕ್ಕಳಿಗೆ ಕಾವಲುಗಾರರನ್ನು ಎಷ್ಟು ಜನರನ್ನು ಇಟ್ಟೇವು? ಅವರೊಳಗಿನ ಸಾಕ್ಷಿಯನ್ನು ಎಚ್ಚರಿಸುವುದೊಂದೇ ದಾರಿ. ಅದಕ್ಕೆ ಮೊದಲು ಹಿರಿಯರಾದ ನಾವು ನಮ್ಮದನ್ನು ಎಚ್ಚರಿಸಿಕೊಳ್ಳಬೇಕು.

ಕಳೆದ ತಿಂಗಳು ಮೊಮ್ಮಗನೇ ಬಂದು, “ಅಜ್ಜಾ, ಆ ಹಲಗಿ ತಗೀರಿ, ನನಗೂ ಕಲಸ್ರಿ” ಎಂದ. ಗೂಡಿನಿಂದ ಹಲಗೆಯನ್ನು ತೆಗೆದು ಧೂಳೊರಸಿದೆವು. ಎದುರುಬದುರು ಕುಳಿತು ಎಲೆ ಹಂಚಿದೆವು. ತನ್ನ ಮೊದಲ ಕೈಯಲ್ಲಿ ಅವನು ಒಂದು ಸಾಲನ್ನು ಮರೆತು ಕಡಿಮೆ ಎಣಿಸಿದ. ನಾನು ಮಾತನಾಡಲಿಲ್ಲ. ತೋರುಬೆರಳಿನಿಂದ ಹಲಗೆಯನ್ನು ಎರಡು ಸಲ ಮೆಲ್ಲನೆ ಕುಟ್ಟಿದೆ. ಅವನು ನನ್ನ ಮುಖ ನೋಡಿ, ಎಲೆಗಳನ್ನು ನೋಡಿ, ಮತ್ತೆ ಮೊದಲಿನಿಂದ ಎಣಿಸತೊಡಗಿದ.